ಬೆಣ್ಣೆಯನ್ನು ವಾಪಸ್ ತರಿಸಿಕೊಂಡ ಟ್ವೈಲಾ

ಬೆಳಗಿನ ಐದು ಗಂಟೆ. ಸಕ್ಕರೆ ತೆಗೆಯುವ ಬೀಟ್ ಗಡ್ಡೆ ತುಂಬಿದ ಲಾರಿಗಳು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಹಿಡಿದಿವೆ. ರಸ್ತೆಯ ಈಚೆಗಿರುವ ತಗಡಿನ ಶೆಡ್ಡಿನಲ್ಲಿ ಟ್ವೈಲಾ ರೈಸಿಗ್ ಎತ್ತರದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯಲ್ಲ. ಎರಡೂ ಕಿವಿಗೆ ರಬ್ಬರ್ ಬಿರಡೆ ತುರುಕಿಕೊಂಡಿದ್ದಾರೆ. ಎಡಗೈ ಹೆಬ್ಬೆರಳಿಗೆ ಎರಡು ಐಸ್‌ಕ್ರೀಮ್ ಕಡ್ಡಿ ಇಟ್ಟು ಪಟ್ಟಿ ಸುತ್ತಿಕೊಂಡಿದ್ದಾರೆ. ಮಡಚಲು ಬಾರದ ಆ ಹೆಬ್ಬೆರಳಿನಿಂದ ಮುಂದಿರುವ ಯಂತ್ರದ ಉಕ್ಕಿನ ತಟ್ಟೆಯನ್ನು ತಳ್ಳುತ್ತಾರೆ. ತಟ್ಟೆ ಸ್ವಲ್ಪ ತಿರುಗಿ ‘ಟಕ್’ ಎಂದು ನಿಲ್ಲುತ್ತದೆ. ಮತ್ತೆ ತಳ್ಳುತ್ತಾರೆ. ಟಕ್. ನೂರು ಸಲ ಎಣಿಸಿದ ಮೇಲೆ ಬಿರಡೆ ಕಿತ್ತು, ಪಟ್ಟಿ ಬಿಚ್ಚಿ, ತಣ್ಣಗಾದ ಕಾಫಿಗೆ ಕೈ ಹಾಕುತ್ತಾರೆ.

“ನೂರಕ್ಕೆ ನೂರು ಬಂತು. ಆದ್ರೂ ಇವತ್ತು ನೂರು ಸಾಲಲ್ಲ” ಅನ್ನುತ್ತಾರೆ.

ಕಾರಣವಿದೆ. ಮುಂದಿರುವ ಯಂತ್ರ ಅವರದಲ್ಲ, ಪಕ್ಕದ ಬೀದಿಯ ಓರ್ವಲ್ ಕಿಪ್ ಅವರದು. ಎಪ್ಪತ್ತೆಂಟರ ಓರ್ವಲ್ ಫೆಬ್ರವರಿಯಿಂದ ಅದನ್ನು ಮುಟ್ಟಿಲ್ಲ. ಇವತ್ತು, ಶನಿವಾರ, ಒಂಬತ್ತು ಗಂಟೆಗೆ ಅವರು ಮತ್ತೆ ಅದರ ಮುಂದೆ ಕೂರಬೇಕು. ಮಗಳ ಕಣ್ಣೆದುರು ಬಂದೂಕಿನ ಐವತ್ತು ತೋಟಾ ತುಂಬಿ ತೋರಿಸಬೇಕು. ತುಂಬಿದರೆ ಅವರಿಗೆ ಮರೆವಿನ ರೋಗ ಎಂದು ಊರು ಕಟ್ಟಿದ ಮಾತು ಸುಳ್ಳಾಗುತ್ತದೆ. ಇಲ್ಲದಿದ್ದರೆ ಯಂತ್ರವೂ ಹೋಗುತ್ತದೆ, ಪಿಕಪ್ ಗಾಡಿಯ ಕೀಲಿಯೂ ಹೋಗುತ್ತದೆ.

ಬಂದೂಕು ಅಂದ ಕೂಡಲೇ ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ನೆಬ್ರಾಸ್ಕಾದ ಈ ಪಶ್ಚಿಮದ ಮೂಲೆಯಲ್ಲಿ ತೋಟಾ ತುಂಬುವುದು ಉಪ್ಪಿನಕಾಯಿ ಹಾಕಿದ ಹಾಗೆ ಮನೆಗೆಲಸ. ಹೊಡೆದ ತೋಟಾದ ಹಿತ್ತಾಳೆ ಚಿಪ್ಪನ್ನು ಯಾರೂ ಎಸೆಯುವುದಿಲ್ಲ. ತೊಳೆದು, ಒಣಗಿಸಿ, ಮತ್ತೆ ತುಂಬುತ್ತಾರೆ. ಅದಕ್ಕೆ ಬೇಕಾದದ್ದು ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಪ್ರೆಸ್. ಅದರ ತಟ್ಟೆಯಲ್ಲಿ ನಾಲ್ಕು ಮನೆ. ಮೊದಲ ಮನೆಯಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ಉದುರಿ ಹೊಸದು ಕೂರುತ್ತದೆ. ಎರಡನೆಯದರಲ್ಲಿ ಅಳತೆಯ ಸಿಡಿಮದ್ದು ಬೀಳುತ್ತದೆ. ಮೂರನೆಯದರಲ್ಲಿ ಗುಂಡು ಕೂರುತ್ತದೆ. ನಾಲ್ಕನೆಯದರಲ್ಲಿ ಚಿಪ್ಪಿನ ಬಾಯಿ ಬಿಗಿಯಾಗುತ್ತದೆ. ಹ್ಯಾಂಡಲ್ ಒಂದು ಸಲ ಎಳೆದರೆ ನಾಲ್ಕು ಮನೆಯಲ್ಲಿ ನಾಲ್ಕು ಕೆಲಸ ಒಟ್ಟಿಗೆ ಆಗುತ್ತವೆ. ಆಮೇಲೆ ಹೆಬ್ಬೆರಳಿನಿಂದ ತಟ್ಟೆಯನ್ನು ಒಂದು ಮನೆ ಮುಂದಕ್ಕೆ ತಿರುಗಿಸಬೇಕು. ತಟ್ಟೆಯ ಕೆಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಉಕ್ಕಿನ ಗೋಲಿ ಗುಳಿಗೆ ಬಿದ್ದು ಟಕ್ ಅಂದರೆ ಮನೆ ಸರಿಯಾಗಿ ಕೂತಿದೆ ಎಂದರ್ಥ.

ಕಂಪನಿಯಿಂದ ಬಂದ ಪ್ರೆಸ್ ಹೇಗಿದೆಯೋ ಹಾಗೇ ಬಳಸುವವರು ಕಡಿಮೆ. ಹಳೆಯ ಕೇಪುಗಳು ನೆಲದ ತುಂಬ ಚೆಲ್ಲುತ್ತವೆ. ಚಿಪ್ಪಿನೊಳಗೆ ಮದ್ದು ಬಿದ್ದಿದೆಯೋ ಇಲ್ಲವೋ ನೋಡಲು ಬೆಳಕು ಸಾಲುವುದಿಲ್ಲ. ಹ್ಯಾಂಡಲ್ಲಿನ ತುದಿಯ ಉಂಡೆ ಅಂಗೈ ತಿನ್ನುತ್ತದೆ. ಇಂಥ ಸಣ್ಣ ಕಿರಿಕಿರಿಗಳನ್ನು ತೆಗೆಯುವುದೇ ಟ್ವೈಲಾ ಅವರ ಕೆಲಸ. ಕೇಪುಗಳನ್ನು ನೇರ ಬಾಟಲಿಗೆ ಇಳಿಸುವ ಕೊಳವೆ, ಚಿಪ್ಪಿನ ಬಾಯಿಗೆ ಬೆಳಕು ಬಿಡುವ ಬೆರಳುದ್ದದ ದೀಪ, ಕೈಯ ಜೊತೆ ತಾನೂ ತಿರುಗುವ ಹಿಡಿ, ಇವೆಲ್ಲವನ್ನೂ ಹಳೆಯ ಲೇತ್ ಮೇಲೆ ಕಡೆದು ಅಂಚೆಯಲ್ಲಿ ಕಳಿಸುತ್ತಾರೆ. ವಾರಕ್ಕೆ ಎರಡು ಮೂರು ಪ್ರೆಸ್‌ಗಳು ಪೆಟ್ಟಿಗೆಯಲ್ಲಿ ಕೂತು ಅವರ ಶೆಡ್ಡಿಗೇ ಬರುತ್ತವೆ. ಬಿಚ್ಚಿ, ಒರೆಸಿ, ಸಡಿಲವನ್ನು ಬಿಗಿ ಮಾಡಿ, ಬಿಗಿಯನ್ನು ಸಡಿಲ ಮಾಡಿ ವಾಪಸ್ ಕಳಿಸುತ್ತಾರೆ. ದಿನಕ್ಕೆ ಹನ್ನೆರಡು ಗೋಲಿ-ಸ್ಪ್ರಿಂಗ್ ಜೋಡಿಗಳು, ಒಂದೊಂದಕ್ಕೆ ನೂರು ಟಕ್. ಹನ್ನೆರಡರಲ್ಲಿ ಎರಡಾದರೂ ಕಸದ ಡಬ್ಬಕ್ಕೆ ಹೋಗುತ್ತವೆ.

ಅರವತ್ತಮೂರು ವಯಸ್ಸಿನ ಟ್ವೈಲಾ ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ದುಡಿದವರು. ಅಜ್ಜ, ಅಜ್ಜಿ ವೋಲ್ಗಾ ನದಿಯ ದಂಡೆಯಿಂದ ಬೀಟ್ ಹೊಲದ ಕೂಲಿಗೆಂದು ಬಂದವರು. ರಿಪೇರಿ ವಿಭಾಗದಲ್ಲಿ ಆಗ ಇವರೊಬ್ಬರೇ ಹೆಂಗಸು.

“ಮೊದಲ ವಾರ ನನ್ನ ಸ್ಪ್ಯಾನರ್ ಬಚ್ಚಿಟ್ರು. ನಾನು ಅವರ ಊಟದ ಡಬ್ಬಿ ಎಲ್ಲಾ ಬಚ್ಚಿಟ್ಟೆ. ಮಧ್ಯಾಹ್ನ ಹನ್ನೆರಡೂಕಾಲಿಗೆ ಸ್ಪ್ಯಾನರ್ ಬಂತು. ಆಮೇಲೆ ಯಾರೂ ತಂಟೆಗೆ ಬರ್ಲಿಲ್ಲ” ಅನ್ನುತ್ತಾರೆ.

ಭುಜದ ಕೀಲು ಸವೆದ ಮೇಲೆ ಕಾರ್ಖಾನೆ ಬಿಟ್ಟರು. ಗಂಡ ತೀರಿ ಹನ್ನೊಂದು ವರ್ಷ. ತೋಟಾ ತುಂಬುವುದನ್ನು ಅವರಿಗೆ ಹನ್ನೊಂದನೇ ವಯಸ್ಸಿನಲ್ಲಿ ಕಲಿಸಿದವರು ಅಪ್ಪನ ಗೆಳೆಯ ಓರ್ವಲ್ ಕಿಪ್. ಆಗ ಅವರು ಇಪ್ಪತ್ತಾರರ ಯುವಕ, ಕಲ್ಲಿದ್ದಲು ರೈಲಿನ ಚಾಲಕ. ನಲವತ್ತು ವರ್ಷ ಎಂಜಿನ್ನಿನೊಳಗೆ ಕೂತು ಎರಡೂ ಕಿವಿ ಕಳೆದುಕೊಂಡರು. ಇವತ್ತಿಗೂ ಟ್ವೈಲಾರನ್ನು ‘ಹುಡುಗಿ’ ಎಂದೇ ಕರೆಯುತ್ತಾರೆ.

ಏಳು ವರ್ಷದ ಕೆಳಗೆ ಇದೇ ಓರ್ವಲ್ ಶೆಡ್ಡಿಗೆ ಬಂದು ಎಡಗೈ ಚಾಚಿದರು. ಸಂಧಿವಾತದಿಂದ ಹೆಬ್ಬೆರಳು ಶುಂಠಿಯ ಹಾಗೆ ಗಂಟು ಗಂಟಾಗಿತ್ತು. ತಟ್ಟೆ ತಿರುಗಿಸಲು ನೋವು. ಜೊತೆಗೆ ತಟ್ಟೆ ಧಡಕ್ಕನೆ ಕೂತಾಗ ಚಿಪ್ಪಿನಿಂದ ಒಂದೆರಡು ಕಾಳು ಮದ್ದು ಹೊರಗೆ ಹಾರುತ್ತಿತ್ತು. ಟ್ವೈಲಾ ಒಂದು ತಿಂಗಳು ಕೂತು ಹೊಸ ಜೋಡಿ ಮಾಡಿದರು. ಸ್ಪ್ರಿಂಗ್ ಮೆತ್ತಗಾಯಿತು, ಗೋಲಿಗೆ ಕನ್ನಡಿಯಂಥ ಹೊಳಪು ಬಂತು, ಗುಳಿಯ ಅಂಚು ನುಣ್ಣಗಾಯಿತು, ತಟ್ಟೆಯ ಕೆಳಗೆ ಬೇರಿಂಗ್ ಕೂತಿತು. ಸಣ್ಣ ಮಗುವೂ ತಿರುಗಿಸಬಹುದಾದಷ್ಟು ಹಗುರ. ಓರ್ವಲ್ ಒಂದು ಸಲ ತಿರುಗಿಸಿ, “ಇದೇನೇ ಹುಡುಗಿ, ಬೆಣ್ಣೆ!” ಅಂದರು. ಹೆಸರು ಅಲ್ಲೇ ನಿಂತಿತು. ಬಾಯಿಂದ ಬಾಯಿಗೆ ಹೋಗಿ ಏಳು ವರ್ಷದಲ್ಲಿ ನಾನೂರಹನ್ನೆರಡು ‘ಬೆಣ್ಣೆ’ಗಳು ಅಂಚೆ ಹತ್ತಿದವು. ಟ್ವೈಲಾರ ಹೆಸರು ಜನಕ್ಕೆ ಗೊತ್ತಾದದ್ದೇ ಅದರಿಂದ.

ಈ ಫೆಬ್ರವರಿಯ ಒಂದು ಭಾನುವಾರ ಕೌಂಟಿಯ ಗುಂಡು ಹೊಡೆಯುವ ಮೈದಾನದಲ್ಲಿ ಓರ್ವಲ್ ಕೈಯಲ್ಲಿದ್ದ ರಿವಾಲ್ವರ್ ಒಡೆಯಿತು. ಕನ್ನಡಕ ಕಣ್ಣುಳಿಸಿತು. ಬಲಗೈಗೆ ಏಳು ಹೊಲಿಗೆ ಬಿತ್ತು. ಒಂದೇ ಚಿಪ್ಪಿಗೆ ಎರಡು ಅಳತೆ ಮದ್ದು ಬಿದ್ದಿದೆ ಎಂದು ಒಡೆದ ಲೋಹ ನೋಡಿದವರೆಲ್ಲ ಹೇಳಿದರು. ಅದು ನಿಜವೂ ಆಗಿತ್ತು. ಎರಡು ಅಳತೆ ಬೀಳಬೇಕಾದರೆ ತಟ್ಟೆ ತಿರುಗಿಸದೆ ಇನ್ನೊಂದು ಸಲ ಹ್ಯಾಂಡಲ್ ಎಳೆದಿರಬೇಕು. ಎಂದರೆ ಮುದುಕ ಮರೆತಿದ್ದಾನೆ. ಊರು ಇಷ್ಟನ್ನು ತೀರ್ಮಾನ ಮಾಡಲು ಒಂದು ಸಂಜೆಯೂ ತೆಗೆದುಕೊಳ್ಳಲಿಲ್ಲ.

ನನಗೆ ಮೈ ಉರಿಯುವುದು ಇಲ್ಲಿ. “ನಾನು ತಿರುಗಿಸಿದ್ದೆ” ಎಂದು ಓರ್ವಲ್ ಆಸ್ಪತ್ರೆಯ ಮಂಚದ ಮೇಲಿಂದಲೇ ಹೇಳಿದರು. ಯಾರೂ ಕೇಳಲಿಲ್ಲ. ಕಿವುಡನ ಜೊತೆ ಮಾತಾಡುವವರು ತಾವೂ ಕಿವುಡರಾಗಿಬಿಡುತ್ತಾರೆ. ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಮಗಳು ಕಾರ್ಲಾ, ಪಾಪ, ಹೆದರಿದ್ದಳು. ಪ್ರೆಸ್ ಬಿಚ್ಚಿಸಿದಳು, ಪಿಕಪ್ಪಿನ ಕೀಲಿ ತೆಗೆದಿಟ್ಟುಕೊಂಡಳು. ತಿಂಗಳೊಪ್ಪತ್ತಿನಲ್ಲಿ ಓರ್ವಲ್ ಕೂಡ “ತಿರುಗಿಸಿದ್ದೆ” ಎನ್ನುವುದನ್ನು ಬಿಟ್ಟು, “ತಿರುಗಿಸಿದ್ದೆ ಅನ್ಸುತ್ತೆ” ಅನ್ನತೊಡಗಿದರು.

“ಆ ‘ಅನ್ಸುತ್ತೆ’ ಕೇಳಿದ ದಿನ ನಾನು ನಿದ್ದೆ ಮಾಡ್ಲಿಲ್ಲ. ಓರ್ವಲ್ ಬಾಯಲ್ಲಿ ಆ ಮಾತು ನಾನು ಐವತ್ತೆರಡು ವರ್ಷದಲ್ಲಿ ಕೇಳಿಲ್ಲ. ಆ ಮನುಷ್ಯ ತಪ್ಪು ಮಾತಾಡ್ತಾನೆ, ಆದ್ರೆ ಗಟ್ಟಿಯಾಗಿ ತಪ್ಪು ಮಾತಾಡ್ತಾನೆ” ಅನ್ನುತ್ತಾರೆ ಟ್ವೈಲಾ.

ಅವರು ಓರ್ವಲ್ ಹೆಂಡತಿ ಜೂನ್ ಅವರನ್ನು ಕೇಳಿ ಆವತ್ತಿನ ತೋಟಾ ಪೆಟ್ಟಿಗೆ ನೋಡಿದರು. ಉಳಿದವರು ತುಂಬಿದ ತೋಟಾಗಳನ್ನು ಡಬ್ಬಿಗೆ ಸುರಿಯುತ್ತಾರೆ. ಓರ್ವಲ್ ರೈಲಿನವರು. ಒಂದೊಂದನ್ನೂ ತುಂಬಿದ ಕ್ರಮದಲ್ಲೇ ಐವತ್ತು ತೂತಿನ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ, ಅದೇ ಕ್ರಮದಲ್ಲಿ ಹೊಡೆಯುತ್ತಾರೆ, ಖಾಲಿ ಚಿಪ್ಪನ್ನು ಅದೇ ತೂತಿಗೆ ವಾಪಸ್ ಇಡುತ್ತಾರೆ. ಮೈದಾನದಲ್ಲಿ ಎಲ್ಲರಿಗೂ ಅದೊಂದು ತಮಾಷೆಯಾಗಿತ್ತು. ಟ್ವೈಲಾ ಪೆಟ್ಟಿಗೆ ತೆರೆದಾಗ ನಲವತ್ತೊಂಬತ್ತು ಚಿಪ್ಪುಗಳಿದ್ದವು. ಖಾಲಿ ಇದ್ದದ್ದು ಕೊನೆಯ ತೂತು. ಒಡೆದದ್ದು ಐವತ್ತನೆಯ ತೋಟಾ.

ಆ ಕೊನೆಯ ತೂತು ಅವರನ್ನು ಬಿಡಲಿಲ್ಲ. ಓರ್ವಲ್ ಪ್ರೆಸ್ ಅನ್ನು ತಮ್ಮ ಶೆಡ್ಡಿಗೆ ತಂದರು. ಓರ್ವಲ್‌ಗೆ ಕೇಳುವುದಿಲ್ಲ, ಹಾಗಾಗಿ ಕಿವಿಗೆ ಬಿರಡೆ. ಓರ್ವಲ್ ಹೆಬ್ಬೆರಳು ಮಡಚುವುದಿಲ್ಲ, ಹಾಗಾಗಿ ಐಸ್‌ಕ್ರೀಮ್ ಕಡ್ಡಿ. ಮದ್ದಿನ ಬದಲಿಗೆ ಅಡುಗೆಮನೆಯಿಂದ ಗಸಗಸೆ. ಅವರ ಅಜ್ಜಿಯ ಕಾಲದಿಂದ ಸಿಹಿ ರೊಟ್ಟಿಯೊಳಗೆ ಸುತ್ತುವ ಗಸಗಸೆ ಆ ಮನೆಯಲ್ಲಿ ಎಂದೂ ಖಾಲಿಯಾಗುವುದಿಲ್ಲ. ಹತ್ತು ಹತ್ತರಂತೆ ನೂರು ಕಂತು, ಒಟ್ಟು ಸಾವಿರ ಚಿಪ್ಪು. ನಾಲ್ಕು ದಿನ ಹಿಡಿಯಿತು.

ನಾಲ್ಕು ಚಿಪ್ಪುಗಳಲ್ಲಿ ಗಸಗಸೆ ಎರಡು ಅಳತೆ ಬಿದ್ದಿತ್ತು. ನಾಲ್ಕೂ ತಂತಮ್ಮ ಕಂತಿನ ಹತ್ತನೆಯ ಚಿಪ್ಪು.

ಟ್ವೈಲಾ ಪ್ರೆಸ್ ಮೇಲೆ ಬೆರಳಿಟ್ಟು ತೋರಿಸುತ್ತಾರೆ. “ಬೆಣ್ಣೆ ಎಷ್ಟು ನುಣ್ಣಗಿತ್ತು ಅಂದ್ರೆ, ಹೆಬ್ಬೆಟ್ಟು ಪೂರ್ತಿ ತಳ್ಳದಿದ್ರೆ ತಟ್ಟೆ ಸದ್ದಿಲ್ಲದೆ ಹಿಂದಿನ ಮನೆಗೇ ಜಾರಿ ಬರ್ತಿತ್ತು. ಮಧ್ಯದಲ್ಲಿ ಹಾಗಾದ್ರೆ ಗೊತ್ತಾಗತ್ತೆ. ಹೊಸ ಚಿಪ್ಪು ಇಡೋಕೆ ಹೋಗ್ತೀವಿ, ಮೊದಲನೇ ಮನೇಲಿ ಆಗ್ಲೇ ಒಂದು ಕೂತಿರತ್ತೆ. ಆದ್ರೆ ಕೊನೇ ಚಿಪ್ಪಿನ ಹಿಂದೆ ಇಡೋಕೆ ಇನ್ನೊಂದು ಇರಲ್ಲ. ಮೂರನೇ ಮನೆ ನೋಡಿದ್ರೆ ಗುಂಡು ಕೂತಿರತ್ತೆ. ಸರಿ, ನಾನೇ ಈಗ ಇಟ್ಟೆ ಅನ್ಕೋತೀವಿ. ಎಳೀತೀವಿ. ಅಷ್ಟೇ.”

ಪ್ರೆಸ್ ಮೇಲಿನ ಬೆರಳು ತೆಗೆದು ಸೇರಿಸುತ್ತಾರೆ. “ಓರ್ವಲ್ ತಿರುಗಿಸಿದ್ದ. ತಟ್ಟೆನ ವಾಪಸ್ ತಂದದ್ದು ನಾನು.”

ಕಂಪನಿಯ ಹಳೆಯ ಗಡಸು ಸ್ಪ್ರಿಂಗ್ ಹಾಕಿ ಇನ್ನೊಂದು ಸಾವಿರ ಚಿಪ್ಪಿಗೆ ಗಸಗಸೆ ತುಂಬಿ ನೋಡಿದರು. ಒಂದೂ ತಪ್ಪಲಿಲ್ಲ.

ಅವರು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಪ್ಪು ಹೊರಲು ಒಬ್ಬ ಮುದುಕ ಸಿದ್ಧವಾಗಿಯೇ ಇದ್ದ. ಇಂಥ ಹೊತ್ತಿನಲ್ಲಿ ಕಾಗದದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಎಚ್ಚರಿಕೆ ಅಚ್ಚು ಹಾಕಿ ಕೈತೊಳೆದುಕೊಳ್ಳುವ ವ್ಯಾಪಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಟ್ವೈಲಾ ನಾನೂರಹನ್ನೆರಡು ಪೋಸ್ಟ್ ಕಾರ್ಡ್ ಕೊಂಡು ಕೈಯಲ್ಲೇ ಬರೆದರು. ಮೊದಲ ಸಾಲು: ‘ಬೆಣ್ಣೆಯನ್ನು ಇವತ್ತೇ ಬಿಚ್ಚಿ, ಕಂಪನಿಯ ಸ್ಪ್ರಿಂಗ್ ಹಾಕಿಕೊಳ್ಳಿ.’ ಎರಡನೆಯದು: ‘ತಪ್ಪು ನನ್ನದು.’ ಮೂರನೆಯದು: ‘ನನ್ನದನ್ನು ವಾಪಸ್ ಕಳಿಸಿ, ಸದ್ದು ಮಾಡುವಂಥದ್ದು ಮಾಡಿ ಕೊಡುತ್ತೇನೆ.’

ಇನ್ನೂರ ತೊಂಬತ್ತಾರು ವಾಪಸ್ ಬಂದಿವೆ. ಕಿಟಕಿಯ ಮೇಲಿನ ಉಪ್ಪಿನಕಾಯಿ ಜಾಡಿಯಲ್ಲಿ ಆ ಹೊಳೆಯುವ ಗೋಲಿಗಳಿವೆ. ಎಪ್ಪತ್ತು ಜನರ ಉತ್ತರವೇ ಇಲ್ಲ. ಅವರಿಗೆ ಎರಡನೇ ಕಾರ್ಡು, ಮೂರನೇ ಕಾರ್ಡು ಹೋಗಿದೆ. ಉಳಿದ ನಲವತ್ತಾರು ಮಂದಿ ಕೊಡುವುದಿಲ್ಲ ಅಂದರು. ಇದುವರೆಗೆ ಬಂದ ಉತ್ತರಗಳಲ್ಲಿ ಕೆಲವನ್ನು ಟ್ವೈಲಾ ಓದಿ ತೋರಿಸುತ್ತಾರೆ.

“ಇವನು ನೋಡಿ, ‘ಅಮ್ಮಾ ತಾಯಿ, ನನ್ನ ಹೆಂಡ್ತೀನ ಕೇಳು ಕೊಡ್ತೀನಿ, ಬೆಣ್ಣೆ ಕೇಳ್ಬೇಡ’ ಅಂತಾನೆ. ಇವನು ‘ಮುದುಕನ ತಲೆ ಕೆಟ್ರೆ ನಮಗ್ಯಾಕೆ ಶಿಕ್ಷೆ’ ಅಂತಾನೆ. ಇವನಿಗೆ ಫೋನ್ ಮಾಡಿದೆ.”

“ಏನಂದ್ರಿ?”

“ಕಿವಿಗೆ ಬಿರಡೆ ಹಾಕ್ಕೊಂಡು ಹತ್ತು ಹತ್ತರ ಹಾಗೆ ಸಾವಿರ ತುಂಬು, ಮದ್ದಲ್ಲ, ಗಸಗಸೆ, ಆಮೇಲೆ ಮಾತಾಡು ಅಂದೆ. ಒಂಬತ್ತು ದಿನ ಬಿಟ್ಟು ಗೋಲಿ ಬಂತು. ಪೆಟ್ಟಿಗೇಲಿ ಒಂದು ಹಿಡಿ ಗಸಗಸೆನೂ ಇತ್ತು.”

ಹೊಸ ಜೋಡಿಗೆ ಬೇಸಿಗೆಯೆಲ್ಲ ಹಿಡಿಯಿತು. ಕೀಲುನೋವಿನ ಹೆಬ್ಬೆರಳಿಗೂ ಹಗುರವಾಗಿರಬೇಕು. ಆದರೆ ಕೂತಾಗ ಗಟ್ಟಿಯಾಗಿ ಕೂರಬೇಕು, ಅರ್ಧಕ್ಕೆ ಬಿಟ್ಟರೆ ಹಿಂದಕ್ಕೆ ಜಾರದೆ ಅಲ್ಲೇ ಅಡ್ಡ ನಿಲ್ಲಬೇಕು, ಹ್ಯಾಂಡಲ್ ಕೆಳಗೆ ಬರಲು ಬಿಡಬಾರದು. ಗುಳಿಯ ಅಂಚನ್ನು ಒಂದು ಕಡೆ ಇಳಿಜಾರಾಗಿ, ಇನ್ನೊಂದು ಕಡೆ ಗೋಡೆಯ ಹಾಗೆ ನೆಟ್ಟಗೆ ಕಡೆದರು. ಬೇರಿಂಗ್ ಉಳಿಯಿತು, ಹೊಳಪು ಹೋಯಿತು. ಮೂವತ್ತೇಳನೆಯದು ಸರಿಬಂತು. ಅದೇ ಈಗ ಓರ್ವಲ್ ಪ್ರೆಸ್‌ನಲ್ಲಿದೆ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಓರ್ವಲ್ ಮನೆಯ ನೆಲಮಾಳಿಗೆಗೆ ಪ್ರೆಸ್ ಇಳಿಸುತ್ತೇವೆ. ಟ್ವೈಲಾ ಬೋಲ್ಟು ಬಿಗಿಯುತ್ತಾರೆ. ಜೂನ್ ಮೆಟ್ಟಿಲ ಮೇಲೆ ನಿಂತು, “ಒಲೆ ಮೇಲೆ ಬೀನ್ಸ್, ಮಾಂಸ ಹಾಕಿದ ಚಿಲಿ ಇದೆ, ದಾಲ್ಚಿನ್ನಿ ರೋಲ್ ಇದೆ. ಯಾರಾದ್ರೂ ಸಾಯೋದಾದ್ರೆ ತಿಂದು ಸಾಯಿರಿ” ಅನ್ನುತ್ತಾರೆ. ಕಾರ್ಲಾ ಕೈಕಟ್ಟಿ ಗೋಡೆಗೆ ಒರಗಿದ್ದಾಳೆ. ಓರ್ವಲ್ ಬಲಗೈಯ ಗಾಯದ ಗುರುತನ್ನು ಉಜ್ಜಿಕೊಳ್ಳುತ್ತಾ ಸ್ಟೂಲಿನಿಂದ ದೂರವೇ ನಿಂತಿದ್ದಾರೆ.

“ಕೂತ್ಕೋ” ಎಂದು ಟ್ವೈಲಾ ಅವರ ಮುಖಕ್ಕೆ ಮುಖ ಕೊಟ್ಟು ಗಟ್ಟಿಯಾಗಿ ಹೇಳುತ್ತಾರೆ.

“ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಕಣೇ ಹುಡುಗಿ.”

“ನಿನ್ನ ಕೈ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಕೈ. ಎಷ್ಟು ಸಲ ಹೇಳ್ಬೇಕು? ಕಾರ್ಡಲ್ಲಿ ಬರ್ದು ಊರಿಗೆಲ್ಲ ಹಂಚಿದ್ದೀನಿ. ನಿನಗೂ ಒಂದು ಹಾಕ್ಲಾ?”

“ನನಗೆ ಬಂತಲ್ಲ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ.”

“ಹಾಗಿದ್ರೂ ಓದಿದ್ಯಲ್ಲ, ಕೂತ್ಕೋ.”

ಓರ್ವಲ್ ಕೂರುತ್ತಾರೆ. ಚಿಪ್ಪು ಇಡುತ್ತಾರೆ, ಎಳೆಯುತ್ತಾರೆ, ಹೆಬ್ಬೆರಳಿನಿಂದ ತಟ್ಟೆ ತಳ್ಳುತ್ತಾರೆ. ಟಕ್. ಮೊದಲ ಹತ್ತು ನಿಧಾನ. ಮದ್ದು ಬಿದ್ದ ಪ್ರತಿ ಚಿಪ್ಪಿಗೂ ದೀಪದ ಬೆಳಕಿನಲ್ಲಿ ಬಗ್ಗಿ ನೋಡುತ್ತಾರೆ. ಇಪ್ಪತ್ತರ ಹೊತ್ತಿಗೆ ಹಳೆಯ ಲಯ ಬರುತ್ತದೆ. ಮೂವತ್ತಾರನೆಯದರಲ್ಲಿ ಹ್ಯಾಂಡಲ್ ಅರ್ಧಕ್ಕೆ ನಿಲ್ಲುತ್ತದೆ. ಕಾರ್ಲಾ ಗೋಡೆ ಬಿಟ್ಟು ಮುಂದಕ್ಕೆ ಬರುತ್ತಾಳೆ.

“ಅಪ್ಪಾ, ಏನಾಯ್ತು?”

ಓರ್ವಲ್‌ಗೆ ಕೇಳಿಸುವುದಿಲ್ಲ. ತಟ್ಟೆಯನ್ನೇ ನೋಡುತ್ತಾರೆ. ಅದು ಎರಡು ಮನೆಗಳ ಮಧ್ಯೆ ಅಡ್ಡ ನಿಂತಿದೆ. ಹೆಬ್ಬೆರಳು ಪೂರ್ತಿ ತಳ್ಳಿಲ್ಲ. ಇನ್ನೊಂದು ಚೂರು ತಳ್ಳುತ್ತಾರೆ. ಟಕ್. ಹ್ಯಾಂಡಲ್ ಇಳಿಯುತ್ತದೆ. ಹಳೆಯ ಬೆಣ್ಣೆಯಾಗಿದ್ದರೆ ತಟ್ಟೆ ಇಷ್ಟರಲ್ಲಿ ಹಿಂದಕ್ಕೆ ಜಾರಿರುತ್ತಿತ್ತು.

ಐವತ್ತನೆಯದನ್ನು ಓರ್ವಲ್ ಪೆಟ್ಟಿಗೆಯ ಕೊನೆಯ ತೂತಿಗೆ ಇಡುವ ಮೊದಲೇ ಕಾರ್ಲಾ ಕೈ ಚಾಚುತ್ತಾಳೆ. “ಅದನ್ನ ಒಡೆದು ನೋಡ್ಬೇಕು.”

ಟ್ವೈಲಾ ತೋಟಾವನ್ನು ಟೊಳ್ಳು ಪ್ಲಾಸ್ಟಿಕ್ ಸುತ್ತಿಗೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಮೂರು ಸಲ ಬಡಿಯುತ್ತಾರೆ. ಗುಂಡು ಕಳಚಿ, ಮದ್ದು ಒಳಗೇ ಉದುರುತ್ತದೆ. ಅದನ್ನು ತಕ್ಕಡಿಯ ಬಟ್ಟಲಿಗೆ ಸುರಿದು ಪಕ್ಕಕ್ಕೆ ಸರಿಯುತ್ತಾರೆ, ಕಾರ್ಲಾ ತಾನೇ ನೋಡಲಿ ಎಂದು. ಮುಳ್ಳು ಮೇಲೆ ಕೆಳಗೆ ತೂಗಿ, ಗೆರೆಗೆ ಸರಿಯಾಗಿ ನಿಲ್ಲುತ್ತದೆ. ಒಂದೇ ಅಳತೆ.

ಕಾರ್ಲಾ ಬಗ್ಗಿ ಮುಳ್ಳು ನೋಡುತ್ತಾಳೆ. ಆಮೇಲೆ ಕೋಟಿನ ಜೇಬಿಗೆ ಕೈಹಾಕಿ ಪಿಕಪ್ಪಿನ ಕೀಲಿ ತೆಗೆದು ತಕ್ಕಡಿಯ ಪಕ್ಕ ಇಡುತ್ತಾಳೆ. “ತಿರುಗಿಸಿದ್ದೆ ಅಂತ ನೀನು ಹೇಳ್ದೆ, ಅಪ್ಪ. ನಾನು ಕೇಳ್ಲಿಲ್ಲ” ಅನ್ನುತ್ತಾಳೆ. ಅದನ್ನು ಅವಳು ಗಟ್ಟಿಯಾಗಿ, ಅವರ ಮುಖ ನೋಡಿಯೇ ಹೇಳುತ್ತಾಳೆ.

“ತಿರುಗಿಸಿದ್ದೆ” ಅನ್ನುತ್ತಾರೆ ಓರ್ವಲ್. ಅನ್ಸುತ್ತೆ ಎಂಬ ಬಾಲ ಇಲ್ಲ.

ಮೇಲಿನ ಅಡುಗೆಮನೆಯಲ್ಲಿ ಚಿಲಿಯ ಬಟ್ಟಲುಗಳ ಮುಂದೆ ಕೂತಾಗ ಟ್ವೈಲಾರನ್ನು ಮುಂದೇನು ಎಂದು ಕೇಳುತ್ತೇನೆ. ಆ ನಲವತ್ತಾರು, ಈ ಎಪ್ಪತ್ತು ಬರಬೇಕು ಅನ್ನುತ್ತಾರೆ. ಜಾಡಿಯಲ್ಲಿ ಇನ್ನೂ ಜಾಗವಿದೆ, ಅದು ತುಂಬಬೇಕು. ಬೇರೇನೂ ಆಸೆ ಇಲ್ಲವೇ ಅಂದರೆ ರೋಲ್ ಮುರಿಯುತ್ತಾ ಯೋಚಿಸುತ್ತಾರೆ. ಅಷ್ಟರಲ್ಲಿ ಎದುರಿಗೆ ಕೂತ ಓರ್ವಲ್ ಎಡಗೈ ಹೆಬ್ಬೆರಳು ನೀವಿಕೊಳ್ಳುತ್ತಾ ದೂರಲು ಶುರು ಮಾಡುತ್ತಾರೆ.

“ಹುಡುಗೀ, ನಿನ್ನ ಈ ಹೊಸದು ಒರಟು ಕಣೇ. ಪ್ರತಿ ಸಲ ಹೆಬ್ಬೆಟ್ಟಿಗೆ ಗುದ್ದುತ್ತೆ. ಕಿವಿಗೆ ಕೇಳಲ್ಲ, ಆದ್ರೆ ಮೊಣಕೈ ತನಕ ಗೊತ್ತಾಗತ್ತೆ.”

ಟ್ವೈಲಾ ನನ್ನ ಕಡೆ ತಿರುಗುತ್ತಾರೆ. ಬೇಸಿಗೆಯೆಲ್ಲ ಮೂವತ್ತೇಳು ಜೋಡಿ ಕಡೆದವರ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಬಂದಿದೆ.

“ಅದನ್ನ ಬರ್ಕೊಳ್ಳಿ. ಒರಟು ಅಂದ ಅಂತ ಬರೀರಿ.”